ಅನಿಲ ನಿಯಮಗಳ ಲೆಕ್ಕ: ಸೂತ್ರ ಹುಡುಕುವ ಮೊದಲು ಏನು ಬದಲಾಗಿಲ್ಲ ಅಂತ ನೋಡಿ

ಬಾಯಿ ತೆರೆದ ಒಂದು ಫ್ಲಾಸ್ಕ್ ಇದೆ. ಒಳಗೆ ಬರೀ ಗಾಳಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು 127 ಡಿಗ್ರಿಗೆ ಕಾಯಿಸಿದರೆ ಒಳಗಿದ್ದ ಗಾಳಿಯಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ?

ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಹಳೇ ಪ್ರಶ್ನೆ ಇದು. ನಾನು ಮೊದಲ ಸಲ ಇದನ್ನು ನೋಡಿದಾಗ, ಕಾಯಿಸುವುದು ಅಂದ ಕೂಡಲೇ ಚಾರ್ಲ್ಸನ ನಿಯಮ (ಒತ್ತಡ ಬದಲಾಗದಿದ್ದರೆ ಕಾಯಿಸಿದಷ್ಟೂ ಅನಿಲದ ಗಾತ್ರ ಹೆಚ್ಚುತ್ತದೆ) ಅಂತ ದೊಡ್ಡದಾಗಿ ಬರೆದು, ಆಮೇಲೆ ಗಾತ್ರ ಎಲ್ಲಿ ಬದಲಾಯಿತು ಅಂತ ಹುಡುಕುತ್ತಾ ಅರ್ಧ ಪುಟ ಹಾಳು ಮಾಡಿದ್ದೆ. ಫ್ಲಾಸ್ಕ್ ಗಾಜಿನದು. ಅದರ ಗಾತ್ರ ಬದಲಾಗುವುದಿಲ್ಲ. ಬಾಯಿ ತೆರೆದಿದೆ, ಹಾಗಾಗಿ ಒತ್ತಡವೂ ಬದಲಾಗುವುದಿಲ್ಲ. ಅನಿಲ ನಿಯಮಗಳಿಗೆ ಹೆಸರು ಕೊಟ್ಟ ಬಾಯ್ಲ್, ಚಾರ್ಲ್ಸ್, ಗೇ ಲುಸಾಕ್ ಮೂವರನ್ನೂ ಕರೆದರೂ ಇಲ್ಲಿ ಕೆಲಸ ಆಗುವುದಿಲ್ಲ, ಯಾಕೆಂದರೆ ಅವರ ನಿಯಮಗಳೆಲ್ಲ ಅನಿಲದ ಪ್ರಮಾಣ ಬದಲಾಗದೇ ಇದ್ದಾಗಿನವು. ಹೆಸರಿಟ್ಟ ನಿಯಮಗಳನ್ನು ಬಾಯಿಪಾಠ ಮಾಡಿ, ಪ್ರಶ್ನೆಗೆ ಯಾವುದು ಹೊಂದುತ್ತದೆ ಅಂತ ಒಂದೊಂದಾಗಿ ಹಾಕಿ ನೋಡುವವರು ಸಿಕ್ಕಿಬೀಳುವುದು ಇಂಥ ಜಾಗದಲ್ಲೇ.

ನನ್ನ ಸಲಹೆ ಇಷ್ಟೇ: ಒಂದೇ ಸಮೀಕರಣ ಇಟ್ಟುಕೊಳ್ಳಿ, ಬದಲಾಗದ್ದನ್ನು ಹೊಡೆದುಹಾಕಿ.

ಒಂದೇ ಸಾಲು ಸಾಕು

ಪಿವಿ = ಎನ್‌ಆರ್‌ಟಿ. ಪಿ ಅಂದರೆ ಒತ್ತಡ, ವಿ ಅಂದರೆ ಗಾತ್ರ, ಎನ್ ಅಂದರೆ ಮೋಲ್‌ಗಳ ಸಂಖ್ಯೆ (ಎಷ್ಟು ಅನಿಲ ಇದೆ ಅನ್ನುವುದರ ಅಳತೆ), ಟಿ ಅಂದರೆ ಕೆಲ್ವಿನ್‌ನಲ್ಲಿ ತಾಪಮಾನ, ಆರ್ ಅಂದರೆ ಅನಿಲ ಸ್ಥಿರಾಂಕ. ಬಾಯ್ಲ್ 1662ರಲ್ಲಿ ಪ್ರಕಟಿಸಿದ್ದು ಇದರ ಒಂದು ತುಂಡು. ಗೇ ಲುಸಾಕ್ 1802ರಲ್ಲಿ ಪ್ರಕಟಿಸಿ, ತನಗಿಂತ ಮೊದಲೇ ಚಾರ್ಲ್ಸ್ ಕಂಡುಕೊಂಡಿದ್ದ ಅಂತ ಹೇಳಿದ್ದು ಇನ್ನೊಂದು ತುಂಡು. ಅವೊಗಾಡ್ರೊ 1811ರಲ್ಲಿ ಹೇಳಿದ್ದು ಮತ್ತೊಂದು. 1834ರಲ್ಲಿ ಕ್ಲಾಪೆರಾನ್ ಎನ್ನುವ ಎಂಜಿನಿಯರ್ ಬಾಯ್ಲ್ ಮತ್ತು ಗೇ ಲುಸಾಕ್ ಹೇಳಿದ್ದನ್ನು ಒಂದೇ ಸಮೀಕರಣಕ್ಕೆ ತಂದ. ಅಂದರೆ ಜೋಡಿಸುವ ಕೆಲಸ ಯಾವತ್ತೋ ಮುಗಿದಿದೆ, ನಾವು ಮತ್ತೆ ಬಿಡಿ ಬಿಡಿ ಮಾಡಿಕೊಂಡು ಒದ್ದಾಡುವುದು ಯಾಕೆ ಅಲ್ವಾ?

ಪ್ರಶ್ನೆಯಲ್ಲಿ "ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು" ಅನ್ನುವ ಕಥೆ ಇದ್ದರೆ ಅದೇ ಸಾಲನ್ನು ಎರಡು ಸಲ ಬರೆದು ಭಾಗಿಸಿ. ಆರ್ ಹೋಗಿಬಿಡುತ್ತದೆ. ಉಳಿಯುವುದು:

ಪಿ1 × ವಿ1 ÷ (ಎನ್1 × ಟಿ1) = ಪಿ2 × ವಿ2 ÷ (ಎನ್2 × ಟಿ2)

ಈಗ ಪ್ರಶ್ನೆ ಓದಿ. ಯಾವುದು ಬದಲಾಗಿಲ್ಲವೋ ಅದನ್ನು ಎರಡೂ ಕಡೆ ಹೊಡೆಯಿರಿ. ತೆರೆದ ಫ್ಲಾಸ್ಕಿನಲ್ಲಿ ಪಿ ಹೋಯಿತು, ವಿ ಹೋಯಿತು. ಉಳಿದದ್ದು ಎನ್1 × ಟಿ1 = ಎನ್2 × ಟಿ2. ಸೆಲ್ಸಿಯಸ್‌ಗೆ 273 ಸೇರಿಸಿದರೆ ಕೆಲ್ವಿನ್, ಹಾಗಾಗಿ ತಾಪಮಾನ 300 ಕೆಲ್ವಿನ್‌ನಿಂದ 400 ಕೆಲ್ವಿನ್‌ಗೆ ಹೋಗಿದೆ. ಹಾಗಾಗಿ ಉಳಿದ ಗಾಳಿ ಮೊದಲಿದ್ದದ್ದರ 300/400, ಅಂದರೆ ಮುಕ್ಕಾಲು ಪಾಲು. ಹೊರಗೆ ಹೋದದ್ದು ಕಾಲು ಪಾಲು. ಬಹು ಆಯ್ಕೆ ಪ್ರಶ್ನೆಯಾದರೆ ಆಯ್ಕೆಗಳಲ್ಲಿ 1/3 ಕೂಡ ಕೂತಿರುತ್ತದೆ, ಎಚ್ಚರ. ಅದು ಹೋದದ್ದನ್ನು ಉಳಿದದ್ದಕ್ಕೆ ಹೋಲಿಸಿದರೆ ಬರುವ ಉತ್ತರ. ಪ್ರಶ್ನೆ ಕೇಳಿದ್ದು ಮೊದಲಿದ್ದ ಗಾಳಿಯಲ್ಲಿ ಎಷ್ಟು ಪಾಲು ಅಂತ.

ಪ್ರಶ್ನೆಯ ಮಾತು, ಅದರ ಒಳಗಿನ ಅರ್ಥ

ಪ್ರಶ್ನೆ ಬರೆಯುವವರು "ಗಾತ್ರ ಸ್ಥಿರವಾಗಿದೆ" ಅಂತ ನೇರವಾಗಿ ಹೇಳುವುದು ಕಡಿಮೆ. ಉಕ್ಕಿನ ಸಿಲಿಂಡರ್, ಗಾಜಿನ ಬಲ್ಬ್, ಗಟ್ಟಿ ಗೋಡೆಯ ಪಾತ್ರೆ ಅಂತ ಬರೆದಿರುತ್ತಾರೆ. ಗಾತ್ರವನ್ನು ಹೊಡೆಯಿರಿ. ಸರಾಗವಾಗಿ ಜಾರುವ ಪಿಸ್ಟನ್, ಸಡಿಲವಾದ ಬಲೂನು ಅಂದರೆ ಒಳಗಿನ ಒತ್ತಡ ಹೊರಗಿನ ಒತ್ತಡದಷ್ಟೇ ಇರುತ್ತದೆ, ಪಿ ಹೊಡೆಯಿರಿ. ನಿಧಾನವಾಗಿ ಒತ್ತಿದರು, ನೀರಿನ ತೊಟ್ಟಿಯಲ್ಲಿ ಇಟ್ಟು ಒತ್ತಿದರು ಅಂದರೆ ತಾಪಮಾನ ಬದಲಾಗಿಲ್ಲ. ಮುಚ್ಚಿದೆ, ಬಿಗಿಯಾಗಿದೆ ಅಂದರೆ ಎನ್ ಬದಲಾಗಿಲ್ಲ. ಸೋರಿದೆ, ತೆರೆದಿದೆ, ಇನ್ನಷ್ಟು ತುಂಬಿದರು ಅಂದರೆ ಎನ್ ಬದಲಾಗಿದೆ. ಈ ಕೊನೆಯದನ್ನೇ ಜಾಸ್ತಿ ಜನ ಮರೆಯುವುದು. ಯಾಕೆಂದರೆ ಪಠ್ಯಪುಸ್ತಕದ ಮೊದಲ ಹತ್ತು ಲೆಕ್ಕಗಳಲ್ಲಿ ಎನ್ ಸುಮ್ನೆ ಮೂಲೆಯಲ್ಲಿ ಕೂತಿರುತ್ತದೆ.

ಪೆನ್ಸಿಲ್ ಹಿಡಿದು ಚಿಕ್ಕ ಚೌಕ ಹಾಕಿ. ಎಡಕ್ಕೆ ಮೊದಲು, ಬಲಕ್ಕೆ ಆಮೇಲೆ. ಪಿ, ವಿ, ಎನ್, ಟಿ ನಾಲ್ಕು ಸಾಲು. ಗೊತ್ತಿರುವುದನ್ನು ತುಂಬಿ, ಬೇಕಾದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅರ್ಧ ನಿಮಿಷದ ಕೆಲಸ.

ಸೆಲ್ಸಿಯಸ್ ಹಾಕಿದರೆ ಕೆಟ್ಟಿತು

ತಾಪಮಾನ 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಒತ್ತಡ ಬದಲಾಗದೇ ಇದ್ದರೆ ಗಾತ್ರ ದುಪ್ಪಟ್ಟಾಗುತ್ತಾ? ಇಲ್ಲ. 293 ಕೆಲ್ವಿನ್ 313 ಆಯಿತು, ಅಷ್ಟೇ. ಗಾತ್ರ ಹೆಚ್ಚಿದ್ದು ಶೇಕಡ 7ಕ್ಕಿಂತ ಸ್ವಲ್ಪ ಕಡಿಮೆ.

ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ. ನೀರು ಎಲ್ಲಿ ಹೆಪ್ಪುಗಟ್ಟುತ್ತದೆ ಅನ್ನುವುದು ಅನಿಲಕ್ಕೆ ಏನೂ ಸಂಬಂಧ ಇಲ್ಲದ ವಿಷಯ. ಸೆಲ್ಸಿಯಸ್ ಹಾಕಿದರೆ ಮೈನಸ್ 10 ಡಿಗ್ರಿಯಲ್ಲಿ ಅನಿಲದ ಗಾತ್ರ ಮೈನಸ್ ಬರಬೇಕಾಗುತ್ತದೆ, ಅಂಥ ಅನಿಲ ಎಲ್ಲೂ ಇಲ್ಲ. ಅದಕ್ಕೇ ಪ್ರಶ್ನೆ ಓದುವಾಗಲೇ, ಬೇರೆ ಏನೂ ಮಾಡುವ ಮೊದಲು, 273 ಸೇರಿಸಿ ಪಕ್ಕದಲ್ಲಿ ಬರೆದುಬಿಡಿ. ನಿಖರವಾಗಿ 273.15, ಆದರೆ ಸಾಮಾನ್ಯ ಲೆಕ್ಕಕ್ಕೆ 273 ಸಾಕು.

ಇಲ್ಲೊಂದು ಗುಟ್ಟು ಇದೆ. ಪ್ರಶ್ನೆ ಬರೆಯುವವರಿಗೆ 27, 127, 327, ಮೈನಸ್ 73 ಈ ಸಂಖ್ಯೆಗಳ ಮೇಲೆ ಬಹಳ ಪ್ರೀತಿ. 273 ಸೇರಿಸಿದರೆ 300, 400, 600, 200 ಆಗುತ್ತವೆ. ಇವು ಕಂಡರೆ ಲೆಕ್ಕ ಬಾಯಲ್ಲೇ ಆಗುವಂಥದ್ದು ಅಂತ ಅರ್ಥ. ಕೊನೆಗೆ ಉತ್ತರ ಗಜಿಬಿಜಿ ದಶಮಾಂಶ ಬಂದರೆ ಎಲ್ಲೋ ತಪ್ಪಿದೆ ಅಂತ ಅನುಮಾನ ಪಡಿ. ಹಾಗೇ ಉತ್ತರವನ್ನು ಸೆಲ್ಸಿಯಸ್‌ನಲ್ಲಿ ಕೇಳಿದ್ದರೆ ಕೊನೆಯಲ್ಲಿ 273 ಕಳೆಯಲು ಮರೆಯಬೇಡಿ.

ಒತ್ತಡಕ್ಕೂ ಇಂಥದ್ದೇ ಒಂದು ಮೋಸ ಇದೆ. ಟೈರಿನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನುವುದನ್ನು, ಒಟ್ಟು ಒತ್ತಡವನ್ನಲ್ಲ. ಗೇಜ್ 27 ಡಿಗ್ರಿಯಲ್ಲಿ 2.2 ಬಾರ್ ತೋರಿಸಿತು, ಓಡಿಸಿದ ಮೇಲೆ ಟೈರ್ 57 ಡಿಗ್ರಿ ಆಯಿತು ಅಂದುಕೊಳ್ಳಿ. ಗಾತ್ರ ಹೆಚ್ಚುಕಡಿಮೆ ಅಷ್ಟೇ. ಒಳಗಿನ ನಿಜವಾದ ಒತ್ತಡ 2.2ಕ್ಕೆ ಹೊರಗಿನ 1 ಬಾರ್ ಸೇರಿ 3.2. ಅದನ್ನು 330/300ರಿಂದ ಗುಣಿಸಿದರೆ 3.52. ಗೇಜ್ ತೋರಿಸುವುದು 1 ಕಳೆದು 2.52. ನೇರವಾಗಿ 2.2 ಹಾಕಿದ್ದರೆ 2.42 ಬರುತ್ತಿತ್ತು. ತಪ್ಪು ಉತ್ತರವೂ ನೋಡೋಕೆ ಸರಿಯಾದ್ದರ ಹಾಗೇ ಇದೆ, ಅದೇ ತೊಂದರೆ.

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಊಹಿಸಿ

ಉತ್ತರ ದೊಡ್ಡದಾಗಬೇಕಾ, ಚಿಕ್ಕದಾಗಬೇಕಾ? ಇದನ್ನು ಮೊದಲೇ ಹೇಳಿಕೊಳ್ಳಿ. ಸೂತ್ರವನ್ನು ತಿರುಗಿಸುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುವ ತಪ್ಪು ಇದೊಂದರಿಂದಲೇ ಸಿಕ್ಕಿಬೀಳುತ್ತದೆ.

ಉದಾಹರಣೆಗೆ ಸರೋವರದ ತಳದಿಂದ ಗುಳ್ಳೆಯೊಂದು ಮೇಲೆ ಬರುತ್ತಿದೆ. ಸುಮಾರು 10 ಮೀಟರ್ ಆಳಕ್ಕೆ 1 ಅಟ್ಮಾಸ್ಫಿಯರ್ ಒತ್ತಡ ಸೇರುತ್ತದೆ. ಹಾಗಾಗಿ 20 ಮೀಟರ್ ಆಳದಲ್ಲಿ ನೀರಿನ 2, ಮೇಲಿನ ಗಾಳಿಯ 1, ಒಟ್ಟು 3 ಅಟ್ಮಾಸ್ಫಿಯರ್. ತಳದಲ್ಲಿ 7 ಡಿಗ್ರಿ, ಮೇಲೆ 27 ಡಿಗ್ರಿ. ತಳದಲ್ಲಿ ಗುಳ್ಳೆಯ ಗಾತ್ರ 2 ಮಿಲಿಲೀಟರ್. ಮೇಲೆ ಬಂದಾಗ ಎಷ್ಟು?

ಸೂತ್ರ ಬರೆಯದೇ ಯೋಚಿಸಿ. ಒತ್ತಡ ಮೂರರಿಂದ ಒಂದಕ್ಕೆ ಇಳಿಯುತ್ತದೆ. ಇಳಿದರೆ ಗುಳ್ಳೆ ಹಿಗ್ಗಬೇಕು. ಹಾಗಾಗಿ ಗುಣಿಸುವ ಭಿನ್ನರಾಶಿ ಒಂದಕ್ಕಿಂತ ದೊಡ್ಡದು: 3/1. ತಾಪಮಾನ ಏರುತ್ತದೆ. ಏರಿದರೂ ಗುಳ್ಳೆ ಹಿಗ್ಗಬೇಕು. ಅದೂ ಒಂದಕ್ಕಿಂತ ದೊಡ್ಡದು: 300/280. ಉತ್ತರ 2 × 3 × 300/280, ಅಂದರೆ ಸುಮಾರು 6.4 ಮಿಲಿಲೀಟರ್. ಪಿ1, ವಿ1 ಅಂತ ಏನನ್ನೂ ಬರೆಯಲೇ ಇಲ್ಲ ನೋಡಿ. ನಾನಂತೂ ಮೊದಲು ಮತ್ತು ಆಮೇಲೆ ಇರುವ ಎಲ್ಲಾ ಲೆಕ್ಕಗಳನ್ನೂ ಹೀಗೇ ಮಾಡುವುದು. ಭಿನ್ನರಾಶಿಯಲ್ಲಿ ಯಾವುದು ಮೇಲೆ ಹೋಗಬೇಕು ಅಂತ ಅನಿಲವೇ ಹೇಳುತ್ತದೆ.

ಮೊದಲು, ಆಮೇಲೆ ಇಲ್ಲದಿದ್ದರೆ ಆರ್ ಬೇಕು

ಕೆಲವು ಪ್ರಶ್ನೆಗಳಲ್ಲಿ ಏನೂ ಬದಲಾಗುವುದಿಲ್ಲ. ಒಂದೇ ಸ್ಥಿತಿ ಕೊಟ್ಟು ಎಷ್ಟು ಮೋಲ್, ಎಷ್ಟು ಗ್ರಾಂ ಅಂತ ಕೇಳುತ್ತಾರೆ. ಆಗ ಪಿವಿ = ಎನ್‌ಆರ್‌ಟಿ ನೇರವಾಗಿ ಹಾಕಬೇಕು, ಆರ್ ಬೆಲೆ ಬೇಕು. ಆರ್ ಒಂದೇ, ಆದರೆ ಏಕಮಾನಕ್ಕೆ ತಕ್ಕಂತೆ ಬೇರೆ ಬೇರೆ ವೇಷ. ಲೀಟರ್ ಮತ್ತು ಅಟ್ಮಾಸ್ಫಿಯರ್ ಇದ್ದರೆ 0.0821. ಲೀಟರ್ ಮತ್ತು ಬಾರ್ ಇದ್ದರೆ 0.0831. ಘನ ಮೀಟರ್ ಮತ್ತು ಪಾಸ್ಕಲ್ ಇದ್ದರೆ 8.314. ಜಾಸ್ತಿ ಜನ ಗಮನಿಸದ ಒಂದು ಅನುಕೂಲ ಅಂದರೆ ಲೀಟರ್ ಮತ್ತು ಕಿಲೋಪಾಸ್ಕಲ್ ಜೊತೆಗೂ 8.314 ಹಾಗೇ ನಡೆಯುತ್ತದೆ. ಒಂದು ಸಾವಿರದಿಂದ ಹೆಚ್ಚಿದರೆ ಇನ್ನೊಂದು ಸಾವಿರದಿಂದ ಕಡಿಮೆಯಾಗುತ್ತದೆ, ಸರಿಹೋಗುತ್ತದೆ.

ಒತ್ತಡ ಬದಲಾಯಿಸಲು ಇಷ್ಟು ನೆನಪಿದ್ದರೆ ಸಾಕು: 1 ಅಟ್ಮಾಸ್ಫಿಯರ್ ಅಂದರೆ 760 ಮಿಲಿಮೀಟರ್ ಪಾದರಸ, ಅಂದರೆ 101.325 ಕಿಲೋಪಾಸ್ಕಲ್, ಅಂದರೆ 1.01325 ಬಾರ್.

ಒಂದು ಲೆಕ್ಕ ಮಾಡೋಣ. ಹೆಸರು ಗೊತ್ತಿಲ್ಲದ ಒಂದು ಅನಿಲ, 500 ಮಿಲಿಲೀಟರ್, 27 ಡಿಗ್ರಿ, 750 ಮಿಲಿಮೀಟರ್ ಒತ್ತಡ, ತೂಕ 1.28 ಗ್ರಾಂ. ಮೋಲಾರ್ ರಾಶಿ, ಅಂದರೆ 1 ಮೋಲ್‌ನ ತೂಕ ಗ್ರಾಂನಲ್ಲಿ, ಎಷ್ಟು?

ಒತ್ತಡ 750/760 = 0.987 ಅಟ್ಮಾಸ್ಫಿಯರ್. ಗಾತ್ರ 0.5 ಲೀಟರ್. ತಾಪಮಾನ 300. ಎನ್ = ಪಿವಿ/ಆರ್‌ಟಿ. ಗುಣಿಸಿದರೆ ಮೇಲೆ 0.4934, ಕೆಳಗೆ 0.0821 × 300 = 24.63. ಭಾಗಿಸಿದರೆ 0.02003 ಮೋಲ್. 1.28 ಗ್ರಾಂ ಅನ್ನು ಇದರಿಂದ ಭಾಗಿಸಿದರೆ 63.9. ಸಲ್ಫರ್ ಡೈಆಕ್ಸೈಡ್ ಸುಮಾರು 64, ಅದೇ ಇರಬೇಕು. ಗಾತ್ರ ಮತ್ತು ತೂಕದ ಬದಲು ಸಾಂದ್ರತೆ ಕೊಟ್ಟಿದ್ದರೆ 1 ಲೀಟರ್ ಅನಿಲ ಇದೆ ಅಂದುಕೊಂಡು ಇದೇ ದಾರಿಯಲ್ಲಿ ಹೋಗಿ. ಅದಕ್ಕೆಂದೇ ಇನ್ನೊಂದು ಸೂತ್ರ ಬಾಯಿಪಾಠ ಮಾಡುವ ಅಗತ್ಯ ಇಲ್ಲ.

ಆ 24.63 ಕೂಡ ನೆನಪಿಡಿ. 27 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ 1 ಮೋಲ್ ಅನಿಲ ತುಂಬುವ ಜಾಗ ಅಷ್ಟು ಲೀಟರ್. ಉತ್ತರ ಸರಿಯಿದೆಯಾ ಅಂತ ಕಣ್ಣಳತೆಯಲ್ಲಿ ನೋಡಲು ಇದು ಒಳ್ಳೆಯ ಅಳತೆಗೋಲು. ಅರ್ಧ ಲೀಟರ್ ಅನಿಲದಲ್ಲಿ 20 ಮೋಲ್ ಇದೆ ಅಂತ ಬಂದರೆ ಮಿಲಿಲೀಟರನ್ನು ಲೀಟರ್‌ಗೆ ತಂದಿಲ್ಲ ಅಂತ ಆಗಲೇ ಗೊತ್ತಾಗುತ್ತದೆ.

22.4 ಅನ್ನುವ ಅಭ್ಯಾಸ

10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಒಡೆದರೆ 0.1 ಮೋಲ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. 27 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಅದರ ಗಾತ್ರ? ಕೈ ತಾನಾಗೇ 2.24 ಲೀಟರ್ ಅಂತ ಬರೆಯುತ್ತದೆ. ಸರಿಯಾದದ್ದು 2.46. 1 ಮೋಲ್‌ಗೆ 22.4 ಲೀಟರ್ ಅನ್ನುವುದು ನಡೆಯುವುದು 0 ಡಿಗ್ರಿ, 1 ಅಟ್ಮಾಸ್ಫಿಯರ್ ಇದ್ದಾಗ ಮಾತ್ರ.

ಇನ್ನೂ ಒಂದು ಗೊಂದಲ ಇದೆ. ಎಸ್‌ಟಿಪಿ (ಹೋಲಿಕೆಗೆಂದು ಇಟ್ಟುಕೊಂಡ ಪ್ರಮಾಣಿತ ತಾಪಮಾನ ಮತ್ತು ಒತ್ತಡ) ಅನ್ನುವುದರ ಅರ್ಥವನ್ನೇ ಅಂತರರಾಷ್ಟ್ರೀಯ ರಸಾಯನವಿಜ್ಞಾನ ಒಕ್ಕೂಟ 1982ರಲ್ಲಿ ಬದಲಾಯಿಸಿತು. ಒತ್ತಡ 1 ಅಟ್ಮಾಸ್ಫಿಯರ್ ಬದಲು 1 ಬಾರ್ ಆಯಿತು, 1 ಮೋಲ್‌ನ ಗಾತ್ರ 22.7 ಲೀಟರ್ ಆಯಿತು. ಹಳೇ ಪುಸ್ತಕಗಳು ಮತ್ತು ಅವುಗಳಿಂದ ಎತ್ತಿದ ಪ್ರಶ್ನೆಗಳು ಇವತ್ತಿಗೂ 22.4 ಅಂತಲೇ ಇವೆ. ನಿಮ್ಮ ಪುಸ್ತಕ ಯಾವುದನ್ನು ಹಿಡಿದಿದೆ ಅಂತ ನೋಡಿಕೊಳ್ಳಿ, ಪ್ರಶ್ನೆಯಲ್ಲಿ ಒತ್ತಡ ಕೊಟ್ಟಿದ್ದರೆ ಎರಡನ್ನೂ ಬಿಟ್ಟು ಪಿವಿ = ಎನ್‌ಆರ್‌ಟಿ ಹಾಕಿ.

ನೀರಿನ ಮೇಲೆ ಹಿಡಿದ ಅನಿಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸತುವಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬರುವ ಹೈಡ್ರೋಜನ್ ಅನ್ನು ನೀರು ತುಂಬಿದ ಬೋರಲು ಜಾಡಿಯಲ್ಲಿ ಹಿಡಿದಿದ್ದಾರೆ. 250 ಮಿಲಿಲೀಟರ್, 27 ಡಿಗ್ರಿ, ಒಟ್ಟು ಒತ್ತಡ 750 ಮಿಲಿಮೀಟರ್. ಕರಗಿದ ಸತು ಎಷ್ಟು?

ಜಾಡಿಯೊಳಗೆ ಹೈಡ್ರೋಜನ್ ಒಂದೇ ಇಲ್ಲ. ಕೆಳಗಿನ ನೀರಿನಿಂದ ಆವಿಯೂ ಎದ್ದು ಬಂದು ಸೇರಿದೆ. ಡಾಲ್ಟನ್ ಹೇಳಿದ ಹಾಗೆ ಪ್ರತಿ ಅನಿಲವೂ ತನ್ನ ಪಾಲಿನ ಒತ್ತಡ ಹಾಕುತ್ತದೆ, ಒಟ್ಟು ಅವೆಲ್ಲದರ ಮೊತ್ತ. 27 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 26.7 ಮಿಲಿಮೀಟರ್. ಅದನ್ನು ಕಳೆದರೆ ಹೈಡ್ರೋಜನ್‌ನ ಪಾಲು 723.3 ಮಿಲಿಮೀಟರ್, ಅಂದರೆ 0.952 ಅಟ್ಮಾಸ್ಫಿಯರ್. 0.25 ಲೀಟರ್‌ನಿಂದ ಗುಣಿಸಿ 24.63ರಿಂದ ಭಾಗಿಸಿದರೆ 0.00966 ಮೋಲ್. ಒಂದು ಮೋಲ್ ಸತುವಿಗೆ ಒಂದು ಮೋಲ್ ಹೈಡ್ರೋಜನ್. ಹಾಗಾಗಿ ಸತು 0.00966 × 65.4 = 0.632 ಗ್ರಾಂ.

ಆವಿಯನ್ನು ಕಳೆಯದೇ ಮಾಡಿದ್ದರೆ 0.655 ಗ್ರಾಂ ಬರುತ್ತಿತ್ತು. ಈ ಎರಡೂ ಸಂಖ್ಯೆ ಆಯ್ಕೆಗಳಲ್ಲಿ ಪಕ್ಕಪಕ್ಕ ಇರುತ್ತವೆ. "ನೀರಿನ ಮೇಲೆ ಸಂಗ್ರಹಿಸಿದ" ಅನ್ನುವ ಮೂರು ಪದ ಕಂಡ ಕೂಡಲೇ ಅಡಿಗೆರೆ ಎಳೆಯಿರಿ.

ಇದರದ್ದೇ ಇನ್ನೊಂದು ಹೆಜ್ಜೆ ಇದೆ, ಅದು ನನಗೆ ಬಹಳ ಇಷ್ಟ. ಮುಚ್ಚಿದ ಸಿಲಿಂಡರಿನಲ್ಲಿ ಗಾಳಿ ಮತ್ತು ಸ್ವಲ್ಪ ನೀರು ಇದೆ, 27 ಡಿಗ್ರಿ, ಒಟ್ಟು ಒತ್ತಡ 760 ಮಿಲಿಮೀಟರ್. ತಾಪಮಾನ ಬದಲಾಗದ ಹಾಗೆ ಪಿಸ್ಟನ್ ಒತ್ತಿ ಗಾತ್ರ ಅರ್ಧ ಮಾಡಿದರು. ಒತ್ತಡ 1520 ಆಗುತ್ತಾ? ಆಗುವುದಿಲ್ಲ. ಒತ್ತಿದಾಗ ಹೆಚ್ಚಾದ ಆವಿ ಮತ್ತೆ ನೀರಾಗಿ ಕೆಳಗೆ ಇಳಿಯುತ್ತದೆ. ಆವಿಯ ಒತ್ತಡ ತಾಪಮಾನದ ಮೇಲೆ ನಿಂತಿದೆ, ಹಾಗಾಗಿ ಅದು 26.7 ಆಗಿಯೇ ಇರುತ್ತದೆ. ದುಪ್ಪಟ್ಟಾಗುವುದು ಒಣ ಗಾಳಿಯ 733.3 ಮಾತ್ರ. 1466.6ಕ್ಕೆ 26.7 ಸೇರಿಸಿ, 1493.3. ಇಲ್ಲಿ ಆವಿಯ ಎನ್ ಬದಲಾಗಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ.

ನಿಜವಾದ ಅನಿಲಗಳ ವಿಷಯ ಒಂದು ಮಾತಲ್ಲಿ ಮುಗಿಸುತ್ತೇನೆ. ಒತ್ತಡ ತುಂಬಾ ಜಾಸ್ತಿ ಇದ್ದರೆ, ಇಲ್ಲವೇ ಅನಿಲ ದ್ರವವಾಗುವಷ್ಟು ತಣ್ಣಗಿದ್ದರೆ ಪಿವಿ = ಎನ್‌ಆರ್‌ಟಿ ತಪ್ಪುತ್ತದೆ, ಆಗ 1873ರಲ್ಲಿ ವಾನ್ ಡರ್ ವಾಲ್ಸ್ ಕೊಟ್ಟ ಸಮೀಕರಣ ಬೇಕು. ಪ್ರಶ್ನೆಯಲ್ಲಿ ಆ ಸಮೀಕರಣಕ್ಕೆ ಬೇಕಾದ ಎ ಮತ್ತು ಬಿ ಎಂಬ ಸ್ಥಿರಾಂಕಗಳ ಬೆಲೆಗಳನ್ನು ಕೊಟ್ಟಿಲ್ಲ ಅಂದರೆ ಅದರ ತಂಟೆಗೆ ಹೋಗಬೇಡಿ.

ಜೋಡಿ ಬಲ್ಬುಗಳು

ಎರಡು ಬಲ್ಬುಗಳ ನಡುವೆ ಒಂದು ನಲ್ಲಿ. ಒಂದರಲ್ಲಿ 2 ಲೀಟರ್ ನೈಟ್ರೋಜನ್ 3 ಅಟ್ಮಾಸ್ಫಿಯರ್‌ನಲ್ಲಿ, ಇನ್ನೊಂದರಲ್ಲಿ 3 ಲೀಟರ್ ಆಕ್ಸಿಜನ್ 1 ಅಟ್ಮಾಸ್ಫಿಯರ್‌ನಲ್ಲಿ, ತಾಪಮಾನ ಎರಡಕ್ಕೂ ಒಂದೇ. ನಲ್ಲಿ ತೆರೆದರೆ? ತಾಪಮಾನ ಒಂದೇ ಆಗಿರುವುದರಿಂದ ಪಿ × ವಿ ಅನ್ನುವುದೇ ಮೋಲ್‌ಗಳ ಲೆಕ್ಕ ಅಂತ ಹಿಡಿಯಬಹುದು. 6 ಮತ್ತು 3, ಸೇರಿ 9. ಈಗ ಜಾಗ 5 ಲೀಟರ್. ಒತ್ತಡ 9/5 = 1.8. ಅದರಲ್ಲಿ ನೈಟ್ರೋಜನ್‌ನದು 1.2, ಆಕ್ಸಿಜನ್‌ನದು 0.6. ಮುಗಿಯಿತು.

ಕಷ್ಟದ್ದು ಮುಂದಿನದು. ಒಂದೇ ಗಾತ್ರದ ಎರಡು ಬಲ್ಬು, ನಡುವೆ ಸಣ್ಣ ಕೊಳವೆ, ನಲ್ಲಿ ಇಲ್ಲ. ಎರಡರಲ್ಲೂ 27 ಡಿಗ್ರಿ, 1 ಅಟ್ಮಾಸ್ಫಿಯರ್ ಗಾಳಿ. ಈಗ ಒಂದನ್ನು ಮಾತ್ರ 127 ಡಿಗ್ರಿಗೆ ಏರಿಸಿ, ಇನ್ನೊಂದನ್ನು 27ರಲ್ಲೇ ಇಟ್ಟರು. ಒತ್ತಡ ಎಷ್ಟು?

ಸೂತ್ರ ಹುಡುಕುವವರು ಇಲ್ಲಿ ಕೈ ಚೆಲ್ಲುತ್ತಾರೆ. ಏನು ಬದಲಾಗಿಲ್ಲ ಅಂತ ಕೇಳಿ. ಪ್ರತಿ ಬಲ್ಬಿನ ಎನ್ ಬದಲಾಗಿದೆ, ಯಾಕೆಂದರೆ ಗಾಳಿ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಹರಿದಿದೆ. ಆದರೆ ಹೊರಗೆ ಏನೂ ಹೋಗಿಲ್ಲ, ಹಾಗಾಗಿ ಒಟ್ಟು ಎನ್ ಅಷ್ಟೇ ಇದೆ. ಕೊಳವೆ ತೆರೆದಿರುವುದರಿಂದ ಕೊನೆಗೆ ಎರಡೂ ಕಡೆ ಒತ್ತಡ ಒಂದೇ. ಈ ಎರಡು ಮಾತು ಸಾಕು. ಮೋಲ್ ಅಂದರೆ ಪಿವಿ/ಆರ್‌ಟಿ, ಅದರಲ್ಲಿ ವಿ ಮತ್ತು ಆರ್ ಎಲ್ಲಾ ಕಡೆ ಒಂದೇ, ಹೊಡೆಯಿರಿ:

1/300 + 1/300 = ಪಿ/300 + ಪಿ/400

ಎರಡೂ ಕಡೆ 1200ರಿಂದ ಗುಣಿಸಿ. ಎಡಕ್ಕೆ 8, ಬಲಕ್ಕೆ 4ಪಿ + 3ಪಿ. ಪಿ = 8/7, ಅಂದರೆ ಸುಮಾರು 1.14 ಅಟ್ಮಾಸ್ಫಿಯರ್. ಅದೇ 4 ಮತ್ತು 3 ಇನ್ನೊಂದು ಉತ್ತರವನ್ನೂ ಕೊಡುತ್ತವೆ: ಒಟ್ಟು ಗಾಳಿಯಲ್ಲಿ 4/7 ತಣ್ಣನೆಯ ಬಲ್ಬಿನಲ್ಲಿ, 3/7 ಬಿಸಿ ಬಲ್ಬಿನಲ್ಲಿ.

ಸರಿಯಿದೆಯಾ ಅಂತ ನೋಡಿ. ಯಾವುದನ್ನೂ ಕಾಯಿಸದಿದ್ದರೆ 1. ಎರಡನ್ನೂ ಕಾಯಿಸಿದ್ದರೆ 400/300, ಅಂದರೆ 1.33. ಒಂದನ್ನು ಮಾತ್ರ ಕಾಯಿಸಿದ್ದಕ್ಕೆ ಉತ್ತರ ಇವೆರಡರ ನಡುವೆ ಎಲ್ಲೋ ಬರಬೇಕು, ಸರಿಯಾಗಿ ಮಧ್ಯದ 1.17ಕ್ಕಿಂತ ಸ್ವಲ್ಪ ಕೆಳಗೆ, ಯಾಕೆಂದರೆ ಬಿಸಿಯಾಗಬೇಕಿದ್ದ ಗಾಳಿಯಲ್ಲಿ ಒಂದಿಷ್ಟು ತಣ್ಣನೆಯ ಕಡೆಗೆ ತಪ್ಪಿಸಿಕೊಂಡು ಹೋಗಿದೆ. 1.14 ಅಲ್ಲೇ ಕೂತಿದೆ.